‘ಹೊಟ್ಟೆನೋವು ತಾಳಲಾರದೆ’ ಅನ್ನೋ ಒಂದು ಸಾಲು

ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತಾ ಪೇಪರ್ ತಿರುವಿದರೆ ಸಿಟಿ ಪುಟದ ಮೂಲೆಯಲ್ಲಿ ಯಾರದೋ ಆತ್ಮಹತ್ಯೆಯ ಸುದ್ದಿಯ ನಾಲ್ಕು ಸಾಲು ಆಗಾಗ ಸಿಗುತ್ತವೆ. ‘ಹೊಟ್ಟೆನೋವು ತಾಳಲಾರದೆ’, ಇಲ್ಲಾಂದ್ರೆ ‘ಜೀವನದಲ್ಲಿ ಜಿಗುಪ್ಸೆಗೊಂಡು’. ಇಷ್ಟೊಂದು ಜನಕ್ಕೆ ಅದೆಂಥ ಹೊಟ್ಟೆನೋವಪ್ಪಾ ಅಂತ ಚಿಕ್ಕವಳಿದ್ದಾಗ ನಾನು ನಿಜವಾಗಿಯೂ ತಲೆ ಕೆಡಿಸಿಕೊಂಡಿದ್ದೆ.

ಆ ಸಾಲು ಹುಟ್ಟುವುದು ಪೊಲೀಸ್ ಠಾಣೆಯಲ್ಲಿ. ಇಂಥ ಸಾವು ಯುಡಿಆರ್ ಅಂತ, ಅಂದರೆ ಅಸಹಜ ಸಾವು ಅಂತ ದಾಖಲಾಗುತ್ತದೆ. ಮನೆಯವರು ಅಳುತ್ತಾ ಏನು ಹೇಳುತ್ತಾರೋ ಬಹಳ ಸಲ ಅದೇ ಕಾರಣ. ಸಾಲ, ಕುಡಿತ, ಮನೆ ಜಗಳ, ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದ ಖಿನ್ನತೆ, ಎಲ್ಲ ಒಂದರೊಳಗೊಂದು ಹೆಣೆದುಕೊಂಡಿದ್ದರೂ ಲೆಕ್ಕಕ್ಕೆ ಹೋಗುವುದು ಒಂದೇ ಕಾರಣ. ಮರ್ಯಾದೆಗೆ ಅಂಜಿದವರು ಹೊಟ್ಟೆನೋವು ಅಂದುಬಿಡುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೂಡಿಸುವುದು ಈ ಪೊಲೀಸ್ ದಾಖಲೆಗಳನ್ನೇ. 2022ರಲ್ಲಿ ‘ಕೌಟುಂಬಿಕ ಸಮಸ್ಯೆ’ ಶೇ 31.7, ‘ಕಾಯಿಲೆ’ ಶೇ 18.4. ಈ ಕಾರಣಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ತೀರಿಕೊಂಡವರು ಯಾರು ಅನ್ನುವುದು ಬೇರೆ ಮಾತು. ಆ ವರ್ಷ ದೇಶದಲ್ಲಿ 1,70,924 ಜನ ಹೀಗೆ ತೀರಿಕೊಂಡರು, ನೂರಕ್ಕೆ ಸುಮಾರು 72 ಗಂಡಸರು. ಸುದ್ದಿಯಾಗುವುದು ಪರೀಕ್ಷೆ ಬರೆದ ಹುಡುಗರು, ರೈತರು. ವಿದ್ಯಾರ್ಥಿಗಳು ಶೇ 7.6, ಕೃಷಿಯವರು ಶೇ 6.6. ಅದೇನು ಸಣ್ಣ ಸಂಖ್ಯೆ ಅಲ್ಲ, ಆದರೆ ದಿನಗೂಲಿಯವರು ಶೇ 26.4! ಬೆಳಗ್ಗೆ ಬುತ್ತಿ ಹಿಡಿದು ಸರ್ಕಲ್ಲಿನಲ್ಲಿ ಕೆಲಸಕ್ಕೆ ಕಾಯುತ್ತಾ ನಿಲ್ಲುತ್ತಾರಲ್ಲ, ಅವರು. ಅವರ ಬಗ್ಗೆ ಟಿವಿಯಲ್ಲಿ ಚರ್ಚೆ ನಡೆದದ್ದು ನನಗಂತೂ ನೆನಪಿಲ್ಲ. ಇನ್ನು ‘ಮದುವೆ ಮಾಡಿ, ಸರಿಹೋಗ್ತಾಳೆ’ ಅನ್ನುವವರಿಗೆ ಒಂದು ಮಾತು: ಗೃಹಿಣಿಯರೇ ಆ ವರ್ಷ 25 ಸಾವಿರಕ್ಕೂ ಜಾಸ್ತಿ.

ಬೆಂಗಳೂರಿಗೆ ಬನ್ನಿ. 2022ರಲ್ಲಿ ಇಂಥ 2,313 ಸಾವು, ಲಕ್ಷ ಜನಕ್ಕೆ 27.2. ದೇಶದ ಸರಾಸರಿ 12.4. ಗಾಬರಿಯಾಗುತ್ತೆ ಅಲ್ವಾ? ಸ್ವಲ್ಪ ತಡೆಯಿರಿ. ನಗರಗಳಿಗೆ ಭಾಗಿಸಿರುವುದು 2011ರ ಜನಗಣತಿಯ ಲೆಕ್ಕದಿಂದ, ಆಗ ನಾವು ಸುಮಾರು 85 ಲಕ್ಷ ಜನ. ಆಮೇಲೆ ಊರು ಎಷ್ಟು ಉಬ್ಬಿದೆ ಅಂತ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತವರಿಗೆಲ್ಲ ಗೊತ್ತು. ಸುಮ್ನೆ ಒಂದೂಕಾಲು ಕೋಟಿ ಅಂತ ಇಟ್ಟುಕೊಂಡರೂ ಲಕ್ಷಕ್ಕೆ ಹದಿನೆಂಟೂವರೆಗೆ ಇಳಿಯುತ್ತದೆ. ಆಗಲೂ ಸರಾಸರಿಗಿಂತ ಜಾಸ್ತಿಯೇ, ನಿಜ.

ಇನ್ನು ಹೊಟ್ಟೆನೋವಿನ ಸುಳ್ಳಿಗೆ ಕಾನೂನೂ ಒಂದು ಕಾರಣ. ಹಳೆಯ ದಂಡ ಸಂಹಿತೆಯ (ಐಪಿಸಿ) 309ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕಿದವರು ಅಪರಾಧಿಗಳಾಗಿದ್ದರು. ಕೇಸಿಗೆ ಹೆದರಿ ಆಸ್ಪತ್ರೆಯಲ್ಲೂ ‘ಆಕಸ್ಮಿಕ’ ಅಂತ ಬರೆಸುವವರಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಇಂಥವರನ್ನು ತೀವ್ರ ಒತ್ತಡದಲ್ಲಿ ಇದ್ದವರು ಅಂತಲೇ ಭಾವಿಸಬೇಕು ಅಂದಿತು, 2024ರ ಜುಲೈಯಲ್ಲಿ ಐಪಿಸಿ ಬದಲಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಸೆಕ್ಷನ್ ಇಲ್ಲವೇ ಇಲ್ಲ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ನಿಮ್ಹಾನ್ಸ್ ಉಸ್ತುವಾರಿಯ ಸಹಾಯವಾಣಿ ಟೆಲಿ ಮಾನಸ್ 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.