ಮನೆಯಲ್ಲಿ ಬಣ್ಣದ ವ್ಯತ್ಯಾಸ: ಎಲ್ಲಿ ಬೇಕು, ಎಲ್ಲಿ ಬೇಡ

ಮಂದದೃಷ್ಟಿ, ಕಿವುಡು, ಆಟಿಸಂ, ಡಿಮೆನ್ಶಿಯಾ ಇರುವವರ ಮನೆ ಅಂದರೆ ರ‍್ಯಾಂಪ್ ಹಾಕಿ ಮುಗಿಸುವ ಕೆಲಸವಲ್ಲ. ಇಲ್ಲಿ ಬೆಳಕು, ಬಣ್ಣ, ಸದ್ದು ಮುಖ್ಯ. ಜಾಸ್ತಿ ತಲೆ ತಿನ್ನುವುದು ಎಲ್‌ಆರ್‌ವಿ (ಲೈಟ್ ರಿಫ್ಲೆಕ್ಟೆನ್ಸ್ ವ್ಯಾಲ್ಯೂ). ಹಾಗಾಗಿ ಮೊದಲು ಅದನ್ನೇ ಬಿಡಿಸೋಣ.

ಗೋಡೆಯೋ ನೆಲವೋ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು ವಾಪಸ್ ಕಳಿಸುತ್ತದೆ ಅನ್ನುವ ಅಂಕೆಯೇ ಎಲ್‌ಆರ್‌ವಿ. ಅಚ್ಚ ಕಪ್ಪಿಗೆ 0, ಅಚ್ಚ ಬಿಳಿಗೆ 100. ಗೋಡೆ ಮತ್ತು ನೆಲ, ಗೋಡೆ ಮತ್ತು ಬಾಗಿಲು, ಹೀಗೆ ಬೇರೆಬೇರೆಯಾಗಿ ಕಾಣಬೇಕಾದ ಕಡೆ ಕನಿಷ್ಠ 30 ಅಂಕದ ಅಂತರ ಇರಲಿ ಅನ್ನುತ್ತದೆ ಬ್ರಿಟನ್ನಿನ ಬಿಎಸ್ 8300 ಮಾನದಂಡ.

ಗೊಂದಲ ಆಗುವುದು ಇಲ್ಲಿ. ಕೆಂಪು ಗೋಡೆಗೆ ಹಸಿರು ಬಾಗಿಲು ಎದ್ದು ಕಾಣುತ್ತದೆ ಅಲ್ವಾ? ಆದರೆ ಆ ಕೆಂಪು 15, ಹಸಿರು 18 ಅಂದುಕೊಳ್ಳಿ. ಅಂತರ ಬರೀ 3. ಮಂದದೃಷ್ಟಿ ಇರುವ ಎಷ್ಟೋ ಜನರಿಗೆ ಬಾಗಿಲು ಗೋಡೆಯೊಳಗೇ ಕರಗಿಹೋಗುತ್ತದೆ. ಅದೇ ತಿಳಿನೀಲಿ 60, ಕಡುನೀಲಿ 10 ಇದ್ದರೆ ಅಂತರ 50! ಎರಡೂ ನೀಲಿಯೇ, ಆದರೂ ಕೆಲಸ ಆಗುತ್ತದೆ. ಅಂದರೆ ಬಣ್ಣ ಬೇರೆ ಇದ್ದರೆ ಸಾಲದು. ಒಂದು ತಿಳಿ, ಇನ್ನೊಂದು ಗಾಢ ಇರಲೇಬೇಕು.

ನನಗೆ ತುಂಬಾ ಇಷ್ಟವಾದ ಸುಲಭದ ದಾರಿ: ಫೋನಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ. ಬಿಳಿ ಟೈಲ್ಸ್, ಬಿಳಿ ಕಮೋಡ್, ಬಿಳಿ ಸಿಂಕ್ ಇರುವ ಬಾತ್‌ರೂಮಿನಲ್ಲಿ ಮಾಡಿ ನೋಡಿ, ಸಮಸ್ಯೆ ತಕ್ಷಣ ಗೊತ್ತಾಗುತ್ತದೆ. ಕಮೋಡಿನ ಸೀಟು, ಹಿಡಿಕೆ ಗಾಢ ಬಣ್ಣದ್ದಾದರೆ ಅರ್ಧ ಕಷ್ಟ ಕಡಿಮೆ. ಇದು ಅಂದಾಜು ಮಾತ್ರ. ಪೇಂಟ್ ಆರ್ಡರ್ ಮಾಡುವ ಮೊದಲು ಕಂಪನಿ ಕೊಡುವ ಎಲ್‌ಆರ್‌ವಿ ಅಂಕೆ ನೋಡಲೇಬೇಕು.

ಹಾಗಂತ ಎಲ್ಲ ಕಡೆ ವ್ಯತ್ಯಾಸ ತುಂಬಬೇಡಿ. ಡಿಮೆನ್ಶಿಯಾ ಇರುವವರಿಗೆ ತಿಳಿ ನೆಲದ ಮೇಲಿನ ಕಪ್ಪು ಮ್ಯಾಟ್ ಗುಂಡಿಯಂತೆ ಕಾಣಬಹುದು, ಹೊಳೆಯುವ ಟೈಲ್ಸ್ ನೀರು ಚೆಲ್ಲಿದಂತೆ. ಅವರು ದಾಟಲಾಗದೆ ನಿಂತುಬಿಡುತ್ತಾರೆ. ಹಾಲ್‌ನಿಂದ ರೂಮಿಗೆ ಹೋಗುವ ಸಮತಟ್ಟು ನೆಲ ಒಂದೇ ತರಹ ಇರಲಿ. ಮೆಟ್ಟಿಲಿನ ಅಂಚಿಗೆ ಮಾತ್ರ ಎದ್ದು ಕಾಣುವ ಪಟ್ಟಿ ಬೇಕೇ ಬೇಕು. ನಾನು ಪ್ಲಾನ್ ನೋಡುವಾಗ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಅಲ್ಲಿ ನಿಜವಾಗಿ ಏನಾದರೂ ಬದಲಾಗುತ್ತದೆಯಾ? ಇಲ್ಲದಿದ್ದರೆ ಗೆರೆಯೂ ಬೇಡ.

ಉಳಿದದ್ದು ಚುಟುಕಾಗಿ. ವಾಷಿಂಗ್ಟನ್ನಿನ ಗ್ಯಾಲೊಡೆಟ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಡೆಫ್‌ಸ್ಪೇಸ್, ಅಂದರೆ ಕಿವುಡರಿಗೆ ಹೊಂದುವ ಕಟ್ಟಡ ವಿನ್ಯಾಸದ ವಿಚಾರದಲ್ಲಿ, ಸನ್ನೆ ಭಾಷೆಗೆ ಒಬ್ಬರಿಗೊಬ್ಬರು ಚೆನ್ನಾಗಿ ಕಾಣುವುದೇ ಮುಖ್ಯ. ಮಾತಾಡುವವರ ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ, ಕೈ ಕಪ್ಪಾಗುತ್ತವೆ. ಕಾಲಿಂಗ್ ಬೆಲ್ಲಿಗೆ ಮಿನುಗುವ ದೀಪ ಜೋಡಿಸಬೇಕು. ಆಟಿಸಂಗೆ ವಾಸ್ತುಶಿಲ್ಪಿ ಮಗ್ದಾ ಮುಸ್ತಫಾ ಅವರ ಆಸ್ಪೆಕ್ಟ್ಸ್ ಎಂಬ ವಿನ್ಯಾಸ ಸೂತ್ರ ಓದಿ. ಅದರಲ್ಲಿ ಪುಟ್ಟ ಮನೆಗೂ ಹೊಂದುವುದು ಒಂದಿದೆ: ಸದ್ದು, ಬೆಳಕು ಜಾಸ್ತಿ ಆದಾಗ ಹೋಗಿ ಕೂರಲು ಒಂದು ಶಾಂತ ಮೂಲೆ. ಅದಕ್ಕೆ ಬೇರೆ ಕೋಣೆಯೇ ಬೇಕಿಲ್ಲ, ದಪ್ಪ ಪರದೆ ಹಾಕಿದ ಒಂದು ಬದಿ ಸಾಕು.