ದೀಪ ಉರಿಯುವ ಡ್ರೈಯರ್ ಪ್ಯಾನೆಲ್‌ಗೆ ಹೊಸ ಬೋರ್ಡ್ ಏಕೆ?

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ವಾಷಿಂಗ್ ಘಟಕವಿದೆ. ಡ್ರೈಯರ್‌ನ ಪ್ಯಾನೆಲ್‌ನಲ್ಲಿ ಸಮಯ, ಉಷ್ಣಾಂಶ ಎಲ್ಲವೂ ಕಾಣುತ್ತದೆ. ಸ್ಟಾರ್ಟ್ ಒತ್ತಿದರೆ ಮಾತ್ರ ಡ್ರಮ್ ತಿರುಗುವುದಿಲ್ಲ. ಯಂತ್ರವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟಿದೆ ಎನ್ನುತ್ತಾರೆ. ಬದಲಿಸಬೇಕೇ?

ಉತ್ತರ: ಬೇಡ, ಸದ್ಯಕ್ಕಂತೂ ಬೇಡ. ಈ ಮಾತನ್ನು ಎಷ್ಟು ಬಾರಿ ಬರೆದಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ.

ಯಂತ್ರ ತಿರುಗಲಿಲ್ಲವೆಂದರೆ ಬೋರ್ಡ್ ಹೋಯಿತು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಬೋರ್ಡ್ ಎಂಬುದು ಬಾಗಿಲು ಮುಚ್ಚಿದೆಯೇ, ಲಿಂಟ್ (ಬಟ್ಟೆಯಿಂದ ಉದುರುವ ನೂಲಿನ ಧೂಳು) ಹಿಡಿಯುವ ಜಾಲರಿಯ ಮುಚ್ಚಳ ಕೂತಿದೆಯೇ, ಕೆಂಪು ತುರ್ತು ಗುಂಡಿ ಒತ್ತಿಕೊಂಡೇ ಉಳಿದಿದೆಯೇ ಎಂದು ವಿಚಾರಿಸಿಕೊಂಡ ನಂತರವೇ ಮೋಟಾರಿಗೆ ಅಪ್ಪಣೆ ಕೊಡುವ ಕಾವಲುಗಾರ. ಇವುಗಳಲ್ಲಿ ಒಂದರಿಂದ ಉತ್ತರ ಬಾರದಿದ್ದರೂ ಅದು ಸುಮ್ಮನಿರುತ್ತದೆ, ಸುಮ್ಮನಿರಲೇಬೇಕು. ಸ್ಟಾರ್ಟ್ ಒತ್ತಿದಾಗ ಕಾಂಟ್ಯಾಕ್ಟರ್ (ಬೋರ್ಡ್‌ನ ಅಪ್ಪಣೆಯಂತೆ ಮೋಟಾರಿಗೆ ಕರೆಂಟ್ ಹಾಯಿಸುವ ಸ್ವಿಚ್) 'ಟಕ್' ಎಂದರೆ ಬೋರ್ಡ್ ತನ್ನ ಕೆಲಸ ಮುಗಿಸಿದೆ ಎಂದೇ ಅರ್ಥ. ಆಮೇಲೆ ಹುಡುಕಬೇಕಾದದ್ದು ಮೋಟಾರ್, ಬೆಲ್ಟ್ ಮತ್ತು ಫೇಸ್‌ಗಳ, ಅಂದರೆ ಮೋಟಾರಿಗೆ ಕರೆಂಟ್ ತರುವ ಮೂರು ಲೈನ್‌ಗಳ ಕಡೆ. ಸದ್ದೇ ಇಲ್ಲವೆಂದರೆ ಮೇನ್ ಸ್ವಿಚ್ ಆಫ್ ಮಾಡಿಸಿ, ಬಾಗಿಲಿನ ಸ್ವಿಚ್ಚಿನ ಒಂದು ತಂತಿ ಬಿಡಿಸಿ, ಸ್ವಿಚ್ ಒತ್ತಿದಾಗ ಸಂಪರ್ಕ ಕೂಡುತ್ತದೆಯೇ ಎಂದು ಮಲ್ಟಿಮೀಟರ್‌ನಿಂದ ಪರೀಕ್ಷಿಸಿ. ನೀಲಿ ಲಿಂಟ್ ಮೆತ್ತಿಕೊಂಡು ಆ ಸ್ವಿಚ್ ಪೂರ್ತಿ ಒತ್ತಿಕೊಳ್ಳದಿರುವುದೇ ನಾನು ಹೆಚ್ಚಾಗಿ ಕಂಡ ದೋಷ. ಅದರ ಎರಡು ತಂತಿಗಳನ್ನು ಜೋಡಿಸಿ ಸುತ್ತಿಟ್ಟು ಕೆಲಸ ಸಾಗಿಸುವವರಿಗೆ ಏನು ಹೇಳಲಿ? ಆಗ ಬಾಗಿಲು ತೆರೆದರೂ ನಿಲ್ಲದೆ ತಿರುಗುತ್ತಿರುವ ಡ್ರಮ್ಮಿನೊಳಗೆ ಹೋಗುವುದು ಕೆಲಸಗಾರನ ಕೈ.

ಇನ್ನು ಫೇಸ್. ಪ್ಯಾನೆಲ್‌ನ ದೀಪಕ್ಕೆ ಮೂರೂ ಫೇಸ್ ಬೇಕಿಲ್ಲದ್ದರಿಂದ ಒಂದು ಹೋದರೂ ಅಂಕಿಗಳು ಹೊಳೆಯುತ್ತಲೇ ಇರಬಹುದು. ಪಂಪ್‌ಸೆಟ್ ಇಟ್ಟುಕೊಂಡ ನಮ್ಮ ರೈತರಿಗೆ ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟಾರನ್ನು ನಿಲ್ಲಿಸುವ ಸಾಧನ) ಏಕೆಂದು ಬಿಡಿಸಿ ಹೇಳಬೇಕಾಗಿಲ್ಲ, ಘಟಕದ ಮಾಲೀಕರಿಗೆ ಮಾತ್ರ ಹೇಳಬೇಕಾಗಿದೆ! ಟೆಸ್ಟರ್ ಉರಿದರೆ ಸಾಲದು, ಬೇರೆ ಮೋಟಾರಿನ ಮೂಲಕ ಹಿಂದಿರುಗಿ ಬರುವ ವೋಲ್ಟೇಜಿಗೂ ಅದು ಉರಿಯುತ್ತದೆ. ಪ್ರತಿ ಎರಡು ಫೇಸ್‌ಗಳ ನಡುವೆ ಸುಮಾರು 415 ವೋಲ್ಟ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಅಳೆಸಿ. ಓವರ್‌ಲೋಡ್ ರಿಲೇ (ಮೋಟಾರ್ ಮಿತಿಮೀರಿ ಕರೆಂಟ್ ಎಳೆದರೆ ಅದನ್ನು ನಿಲ್ಲಿಸುವ ಸಾಧನ) ಟ್ರಿಪ್ ಆಗಿದ್ದರೆ ತಣ್ಣಗಾದ ಮೇಲೆ ರಿಸೆಟ್ ಮಾಡಬಹುದು. ಮತ್ತೆ ಟ್ರಿಪ್ ಆದರೆ ಕಾರಣ ಹುಡುಕಬೇಕೇ ಹೊರತು ಅದರ ಮಿತಿಯನ್ನು ಏರಿಸಬಾರದು.

ಬೋರ್ಡ್ ಎಂದೂ ಕೆಡುವುದೇ ಇಲ್ಲವೆಂದಲ್ಲ. ಬ್ಲೀಚ್ ತೊಟ್ಟಿಯ ಪಕ್ಕದಲ್ಲೇ ಡ್ರೈಯರ್ ಇಟ್ಟಿದ್ದರೆ ಕ್ಲೋರಿನ್ ಹಬೆಗೆ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಆಗಲೂ ಮೊದಲು ಕನೆಕ್ಟರ್ ಶುಚಿಯಾಗಲಿ.

ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರಿಗೆ ಡ್ರೈಯರ್ ಏಕೆ ಬೇಕೆಂದು ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಬಿಸಿಲಿಗೆ ಇಂಡಿಗೊ ಬಣ್ಣ ಬಿಸಿಲು ಬಿದ್ದ ಕಡೆಯಷ್ಟೇ ಮಾಸುತ್ತದೆ, ಒದ್ದೆ ಬಟ್ಟೆಗೆ ಅದಿರಿನ ಕೆಂಧೂಳು ಅಂಟುತ್ತದೆ. ಡ್ರಮ್ಮಿನಲ್ಲಾದರೆ ಬಟ್ಟೆ ಮುಂದೆ ಕುಗ್ಗಬೇಕಾದಷ್ಟನ್ನು ಬಹುಪಾಲು ಅಲ್ಲೇ ಕುಗ್ಗಿ ಮೆತ್ತಗಾಗುತ್ತದೆ. ಹಗ್ಗದ ಮೇಲೆ ಒಣಗಿದ ಜೀನ್ಸ್ ಹಪ್ಪಳದಂತೆ ಸೆಟೆದು ನಿಲ್ಲುವುದನ್ನು ನೀವೂ ನೋಡಿದ್ದೀರಿ.