ದೆವ್ವ ಬರುವುದಕ್ಕಿಂತ ಮುಂಚಿನ ಸದ್ದು

ಗೇಮ್‌ಗಳಿಗೆ ಸೌಂಡ್ ಡಿಸೈನ್ ಮಾಡುವುದು ನನ್ನ ಕೆಲಸ. ಹೊಸದಾಗಿ ಈ ಕಸುಬಿಗೆ ಬರುವವರು ತೋರಿಸುವ ಹಾರರ್ ಡೆಮೊಗಳಲ್ಲಿ ಒಂದು ಕಿರುಚಾಟ ಇದ್ದೇ ಇರುತ್ತದೆ. ಬಾಗಿಲು ತೆಗೆದರೆ ಧಡ್ ಅಂತ ಸದ್ದು, ಮುಖಕ್ಕೇ ಬಂದು ನಿಲ್ಲುವ ದೆವ್ವ. ಬೆಚ್ಚಿಬೀಳುತ್ತೇವೆ, ಇಲ್ಲ ಅನ್ನಲ್ಲ. ಆದರೆ ಎರಡನೇ ಸಲಕ್ಕೆ ನಗು ಬರುತ್ತದೆ. ಮುಂದಿನ ಬಾಗಿಲು ತೆಗೆಯೋಕೆ ಆಟಗಾರ ಹಿಂದೆಮುಂದೆ ನೋಡುವ ಹಾಗೆ ಮಾಡುವುದು ಕಷ್ಟದ ಕೆಲಸ. ಅದಕ್ಕೆ ಅವನಿಗೆ ಅರ್ಧ ಸುದ್ದಿ ಕೊಟ್ಟು ಸುಮ್ಮನಾಗಬೇಕು.

1999ರ 'ಸೈಲೆಂಟ್ ಹಿಲ್' ಗೇಮ್ ನೋಡಿ. ಬೀದಿಯನ್ನು ದೂರದವರೆಗೂ ತೋರಿಸುವ ತಾಕತ್ತು ಅದು ಓಡುತ್ತಿದ್ದ ಮೊದಲ ಪ್ಲೇಸ್ಟೇಷನ್ ಯಂತ್ರಕ್ಕೆ ಇರಲಿಲ್ಲ, ಅದಕ್ಕೇ ಊರಿಗೆಲ್ಲ ಮಂಜು ಕವಿಸಿದರು. ಈ ಕಥೆ ತುಂಬಾ ಜನಕ್ಕೆ ಗೊತ್ತು. ನನ್ನನ್ನು ಕೇಳಿದರೆ ಅದರಲ್ಲಿ ದೊಡ್ಡ ಐಡಿಯಾ ಮಂಜಲ್ಲ, ರೇಡಿಯೋ. ಕಳೆದುಹೋದ ಮಗಳನ್ನು ಹುಡುಕುತ್ತಿರುವ ಹ್ಯಾರಿಗೆ ಒಂದು ಹೋಟೆಲಿನಲ್ಲಿ ಅದು ಸಿಗುತ್ತದೆ. ಮೇಜಿನ ಮೇಲಿದ್ದ ರೇಡಿಯೋ ಇದ್ದಕ್ಕಿದ್ದಂತೆ ಗರಗರ ಅನ್ನುತ್ತದೆ. ಏನಪ್ಪಾ ಅಂತ ಹತ್ತಿರ ಹೋದರೆ ಕಿಟಕಿ ಒಡೆದುಕೊಂಡು ರೆಕ್ಕೆಯ ಪ್ರಾಣಿಯೊಂದು ಒಳಗೆ ನುಗ್ಗುತ್ತದೆ. ಬೆಚ್ಚಿಸುವುದು ಆ ಒಂದು ಸಲ, ಪಾಠ ಕಲಿಸೋಕೆ. ಆಮೇಲೆ ಬೀದಿಯಲ್ಲಿ ರೇಡಿಯೋ ಗರಗರ ಅಂದರೆ ಸಾಕು, ಏನೂ ಕಾಣದಿದ್ದರೂ ಕಾಲು ನಿಂತುಬಿಡುತ್ತದೆ. ಏನೋ ಹತ್ತಿರ ಇದೆ ಅಂತ ಗೊತ್ತು. ಏನು ಅಂತ ಮಾತ್ರ ಗೊತ್ತಿಲ್ಲ.

2014ರ 'ಏಲಿಯನ್: ಐಸೊಲೇಷನ್' ಇದನ್ನೇ ಇನ್ನೂ ಕ್ರೂರವಾಗಿ ಮಾಡುತ್ತದೆ. ಕೈಯಲ್ಲಿ ಒಂದು ಟ್ರ್ಯಾಕರ್ ಇರುತ್ತದೆ. ನಿಮ್ಮನ್ನು ಬೇಟೆಯಾಡುವ ಪ್ರಾಣಿ, ಅಂದರೆ ಏಲಿಯನ್, ಓಡಾಡಿದರೆ ಅದರ ಪರದೆಯ ಮೇಲೆ ಚುಕ್ಕಿ, ಜೊತೆಗೆ ಬೀಪ್. ಆದರೆ ಆ ಚುಕ್ಕಿ ಎತ್ತರ ತೋರಿಸುವುದಿಲ್ಲ. ಪ್ರಾಣಿ ನಿಮ್ಮ ಮಟ್ಟದಲ್ಲೇ ಇದೆಯಾ, ತಲೆಯ ಮೇಲಿನ ಗಾಳಿ ಕೊಳವೆಯಲ್ಲಿದೆಯಾ ತಿಳಿಯಲ್ಲ. ಟ್ರ್ಯಾಕರ್ ನೋಡುವಷ್ಟು ಹೊತ್ತು ಎದುರಿನದು ಮಸುಕು. ಇನ್ನೊಂದು ವಿಷಯ, ಹತ್ತಿರವಿದ್ದರೆ ಆ ಬೀಪ್ ಏಲಿಯನ್‌ಗೂ ಕೇಳುತ್ತದೆ! ಕಾಪಾಡಬೇಕಾದ ಸಾಧನವೇ ಹಿಡಿದುಕೊಟ್ಟರೆ ಯಾರನ್ನು ನಂಬುವುದು? ಗೇಮ್ ಸೇವ್ ಮಾಡೋಕೂ ಗೋಡೆಯ ಯಂತ್ರಕ್ಕೆ ಕಾರ್ಡ್ ಹಾಕಿ, ದೀಪಗಳು ಒಂದೊಂದಾಗಿ ಹತ್ತುವ ತನಕ ಕಾಯಬೇಕು. ಅಷ್ಟರಲ್ಲಿ ಬೆನ್ನ ಹಿಂದೆ ಬಂದರೆ ಕಥೆ ಮುಗೀತು.

ತೆರೆಮರೆಯ ಲೆಕ್ಕ ಹೀಗಿದೆ. ಆ ಗೇಮ್‌ನಲ್ಲಿ ಕೆಲಸ ಮಾಡುವುದು ಎರಡು ಕಂಪ್ಯೂಟರ್ ಬುದ್ಧಿ: ಒಂದು ಏಲಿಯನ್‌ನದು, ಇನ್ನೊಂದು ಅದಕ್ಕೆ ಮೇಲಿನಿಂದ ದಾರಿ ತೋರಿಸುವುದು. ಮೇಲಿನದಕ್ಕೆ ನೀವು ಎಲ್ಲಿದ್ದೀರಿ ಅಂತ ಸದಾ ಗೊತ್ತು. ಏಲಿಯನ್‌ಗೆ ಗೊತ್ತಿಲ್ಲ. ಮೇಲಿನದು ಆಗಾಗ "ಆ ಕಡೆ ಹುಡುಕು" ಅಂತ ಸುಳಿವು ಕೊಡುತ್ತದೆ, ಒತ್ತಡ ಜಾಸ್ತಿಯಾದರೆ ಅದನ್ನು ದೂರ ಕಳಿಸುತ್ತದೆ. ಹೀಗಾಗಿ ಅದು ಎಲ್ಲಿಂದ ಬರುತ್ತದೆ ಅಂತ ಬಾಯಿಪಾಠ ಮಾಡೋಕಾಗಲ್ಲ.

ಶತ್ರುವೇ ಇಲ್ಲದೆ ಹೆದರಿಸಿದ ಉದಾಹರಣೆಯೂ ಇದೆ. 2004ರ 'ಥೀಫ್: ಡೆಡ್ಲಿ ಶಾಡೋಸ್'ನಲ್ಲಿ ಹಿಂದೆ ಅನಾಥಾಲಯವೂ ಹುಚ್ಚಾಸ್ಪತ್ರೆಯೂ ಆಗಿದ್ದ ಕಟ್ಟಡವೊಂದು ಬರುತ್ತದೆ. ಅದರ ಮೊದಲರ್ಧದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಇರುವುದು ಕತ್ತಲೆ ಮತ್ತು ಸದ್ದು ಅಷ್ಟೇ. ನಮ್ಮ ಕಸುಬಿನವರಿಗೆ ಅದೊಂದು ಪಾಠಶಾಲೆ ಅಂತಲೇ ಹೇಳುತ್ತೇನೆ.

ಇಷ್ಟೆಲ್ಲ ಹೆಡ್‌ಫೋನ್ ಹಾಕಿಕೊಂಡವರ ಮಾತಾಯಿತು. ನಮ್ಮಲ್ಲಿ ಬಹಳಷ್ಟು ಜನ ಆಡುವುದು ಫೋನಿನಲ್ಲಿ. ಎದೆಗೆ ತಟ್ಟುವ ಗುಡುಗಿನಂಥ ತಗ್ಗಿನ ಸದ್ದು ಫೋನಿನ ಸ್ಪೀಕರಿನಿಂದ ಹೊರಗೇ ಬರಲ್ಲ. ಹಾಗಾಗಿ ಫೋನಿಗೆ ಮಾಡುವಾಗ ನಾನು ಗುಡುಗನ್ನು ನೆಚ್ಚಿಕೊಳ್ಳುವುದಿಲ್ಲ. ಉಗುರಿನಿಂದ ಮರ ಕೆರೆದಂತೆ, ಪಕ್ಕದ ಕೋಣೆಯಲ್ಲಿ ಕುರ್ಚಿ ಎಳೆದಂತೆ, ಹೀಗೆ ಸಣ್ಣ ಸ್ಪೀಕರಿನಲ್ಲೂ ಸ್ಪಷ್ಟವಾಗಿ ಕೇಳುವ ಸದ್ದುಗಳನ್ನೇ ಆರಿಸುತ್ತೇನೆ. ಗುಡುಗಿನ ಜಾಗಕ್ಕೆ ಫೋನಿನ ವೈಬ್ರೇಷನ್ ಇದೆ. ಅದನ್ನೂ ಹಿಡಿತದಲ್ಲಿ ಬಳಸಬೇಕು. ಮಾತುಮಾತಿಗೆ ಅದುರಿದರೆ ಮೆಸೇಜ್ ಬಂತೇನೋ ಅಂದುಕೊಳ್ಳುತ್ತಾರೆ.